ಕೆಮ್ಮಿದ್ರೆ, ಸೀನಿದ್ರೆ ಉಚ್ಚೆ ಸೋರ್ತದಾ? ವ್ಯಾಯಾಮದಿಂದ ಟೇಪ್ ಆಪರೇಷನ್ ತನಕ ಯಾವುದನ್ನ ಯಾವಾಗ ಆರಿಸೋದು

ನಾಚ್ಕೆ ಎಲ್ಲ ಬದಿಗಿಟ್ಟು ನೇರ ವಿಷಯಕ್ಕೇ ಬರ್ತೇನೆ. ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ, ಬಾವಿ ನೀರು ಸೇದುವಾಗ, ಸಿಲಿಂಡರ್ ಎತ್ತುವಾಗ ಒಂಚೂರು ಉಚ್ಚೆ ಹೋಗಿಬಿಡೋದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೆಂಗಸರಲ್ಲಿ ಎಷ್ಟು ಮಾಮೂಲಿ ಅಂದ್ರೆ ಇದನ್ನ ಯಾರೂ ಕಾಯಿಲೆ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ, ಎರಡು ಹೆರಿಗೆ ಆದ್ಮೇಲೆ ಇದೆಲ್ಲ ಇದ್ದದ್ದೇ ಅಂತ ಅತ್ತೆ ಹೇಳ್ತಾರೆ, ಅವ್ರಿಗೆ ಅವ್ರ ಅತ್ತೆ ಹೇಳಿರ್ತಾರೆ. ಶಿರಸಿ ಕಡೆ ಮಡಿ ಉಟ್ಟು ನೈವೇದ್ಯ ಮಾಡೋರು ಒಂದು ಸೀನಿಗೆ ಮತ್ತೆ ಸ್ನಾನಕ್ಕೆ ಓಡ್ಬೇಕು, ಭಟ್ಕಳದಲ್ಲಿ ನಮಾಜಿಗೆ ನಿಂತೋರು ಮತ್ತೆ ವುಜೂ ಮಾಡ್ಬೇಕು, ಕಾರವಾರದಲ್ಲಿ ಮೀನು ಬುಟ್ಟಿ ಹೊರೋರು ಗಾಢ ಬಣ್ಣದ ಸೀರೆಯನ್ನೇ ಆರಿಸಿ ಉಡ್ತಾರೆ. ಡಾಕ್ಟ್ರ ಚೀಟಿಯಲ್ಲಿ ಇದು ಸ್ಟ್ರೆಸ್ ಯೂರಿನರಿ ಇನ್‌ಕಾಂಟಿನೆನ್ಸ್ ಅಂತಲೋ ಬರೀ ಎಸ್‌ಯುಐ ಅಂತಲೋ ಇರ್ತದೆ, ಇಲ್ಲಿ ಸ್ಟ್ರೆಸ್ ಅಂದ್ರೆ ಹೊಟ್ಟೆಯೊಳಗಿನ ಒತ್ತಡ, ಮನಸ್ಸಿನದ್ದಲ್ಲ.

ಈಗ ಇದನ್ನ ಬರೀಲಿಕ್ಕೆ ಕಾರಣ, ಇದರ ಚಿಕಿತ್ಸೆಯ ಲೆಕ್ಕಾಚಾರ ಕಳೆದ ಹತ್ತು ಹದಿನೈದು ವರ್ಷದಲ್ಲಿ ಪೂರ್ತಿ ಬದಲಾಗಿದೆ. ಮೊದ್ಲು "ಟೇಪ್ ಹಾಕ್ಸಿಬಿಡಿ, ಅರ್ಧ ಗಂಟೆ ಕೆಲ್ಸ" ಅಂತಿದ್ರು (ಟೇಪ್ ಅಂದ್ರೆ ಮೂತ್ರನಾಳಕ್ಕೆ ಆಧಾರವಾಗಿ ಒಳಗೆ ಹಾಕೋ ಜಾಳುಪಟ್ಟಿ). ಈಗ ಡಾಕ್ಟ್ರು ಮೂರ್ನಾಲ್ಕು ದಾರಿ ನಿಮ್ಮ ಮುಂದೆ ಇಟ್ಟು, ಒಳ್ಳೇದು ಕೆಟ್ಟದ್ದು ಎರಡೂ ಹೇಳಿ, ಆರಿಸೋದನ್ನ ನಿಮಗೇ ಬಿಡ್ಬೇಕು ಅಂತ ಆಗಿದೆ. ಆರಿಸೋಳು ನೀವಾದ್ರೆ ಎಂತ ಎಂತ ಉಂಟು ಅಂತ ಗೊತ್ತಿರ್ಬೇಕಲ್ಲ ಮಾರಾಯ್ತಿ.

ಮೊದ್ಲು ನಿಮ್ಮದು ಯಾವ ಸೋರಿಕೆ ಅಂತ ಹಿಡೀರಿ

ಸೋರೋದ್ರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಕೆಮ್ಮು, ಸೀನು, ಭಾರ ಎತ್ತೋದು ಇಂಥ ಒತ್ತಡಕ್ಕೆ ಸ್ವಲ್ಪ ಸ್ವಲ್ಪ ಬೀಳೋದು. ಇನ್ನೊಂದು ತಡೆಯಲಾರದ ಅವಸರ ಬಂದು, ಬೀಗ ತೆಗೆದು ಬಚ್ಚಲು ಮುಟ್ಟೋದ್ರೊಳಗೆ ಆಗಿಬಿಡೋದು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ, ಮತ್ತೆ ಎಷ್ಟೋ ಜನಕ್ಕೆ ಎರಡೂ ಇರ್ತದೆ. ಅವಸರದ ಸೋರಿಕೆಗೆ ಕೊಡೋ ಸೋಲಿಫೆನಾಸಿನ್, ಮಿರಾಬೆಗ್ರಾನ್ ಥರದ ಮಾತ್ರೆ ಕೆಮ್ಮಿದಾಗ ಬೀಳೋದಕ್ಕೆ ಕೆಲಸ ಮಾಡೋದಿಲ್ಲ. ತಿಂಗಳುಗಟ್ಲೆ ಮಾತ್ರೆ ನುಂಗಿ ಬಾಯಿ ಒಣಗಿಸ್ಕೊಂಡು ಏನೂ ಉಪಯೋಗ ಆಗ್ಲಿಲ್ಲ ಅನ್ನೋರು ಸಿಕ್ರೆ ಮೊದ್ಲು ಕೇಳ್ಬೇಕಾದ್ದು, ನಿಮಗೆ ಯಾವಾಗ ಸೋರ್ತದೆ ಅಂತ.

ಅದಕ್ಕೇ ಡಾಕ್ಟ್ರ ಹತ್ರ ಹೋಗೋ ಮುಂಚೆ ಕನಿಷ್ಠ 3 ದಿನ ಬರೆದಿಡಿ, ಮಕ್ಕಳ ಹಳೇ ನೋಟ್‌ಬುಕ್ ಸಾಕು. ಎಷ್ಟೊತ್ತಿಗೆ ಎಂತ ಕುಡಿದ್ರಿ, ಎಷ್ಟೊತ್ತಿಗೆ ಹೋದ್ರಿ, ಅಂದಾಜು ಎಷ್ಟು ಹೋಯ್ತು (ಒಂದು ಹಳೇ ಅಳತೆ ಲೋಟ ಬಚ್ಚಲಲ್ಲಿ ಇಟ್ಕೊಳ್ಳಿ), ಯಾವಾಗ ಸೋರ್ತು, ಆಗ ಎಂತ ಮಾಡ್ತಿದ್ರಿ. ಚಾ, ಕಷಾಯ, ಅಪ್ಪೆಹುಳಿ ಎಲ್ಲ ಬರೀರಿ. ಕೆಲಸದ ದಿನವೂ ಮನೇಲಿರೋ ದಿನವೂ ಎರಡೂ ಬರಲಿ, ಅಡಿಕೆ ಸುಲಿಯೋಕೆ ಕೂತ ದಿನಕ್ಕೂ ಸೊಪ್ಪಿನ ಹೊರೆ ಹೊತ್ತ ದಿನಕ್ಕೂ ತುಂಬ ವ್ಯತ್ಯಾಸ ಇರ್ತದೆ. ಈ ಕಾಗದ ತೋರಿಸಿದ್ರೆ ಡಾಕ್ಟ್ರಿಗೆ ಅರ್ಧ ಕೆಲಸ ಮುಗೀತು, ನಾಚ್ಕೆಯಿಂದ ಬಾಯಿ ಕಟ್ಟಿಹೋಗೋರಿಗಂತೂ ಇದು ದೊಡ್ಡ ಉಪಕಾರ, ಓದ್ಕೊಳ್ಳಿ ಅಂತ ಕೊಟ್ರಾಯ್ತು.

ಮೂತ್ರದಲ್ಲಿ ರಕ್ತ, ಉರಿ, ಜ್ವರ, ಮೂತ್ರ ಕಟ್ಟಿ ನಿಲ್ಲೋದು, ಕಾಲು ಮರಗಟ್ಟೋದರ ಜೊತೆ ದಿಢೀರ್ ಸೋರೋಕೆ ಶುರುವಾಗೋದು, ಹೆರಿಗೆನೋ ಆಪರೇಷನ್ನೋ ಆದ್ಮೇಲೆ ಹಗಲೂ ರಾತ್ರಿ ನಿಲ್ಲದೇ ಸೋರೋದು, ಇವು ಯಾವುದಿದ್ರೂ ವ್ಯಾಯಾಮ ಮಾಡ್ತಾ ಕೂರ್ಬೇಡಿ, ತಕ್ಷಣ ತೋರಿಸಿ. ಸೋಂಕು ಉಂಟಾ ಅಂತ ಯೂರಿನ್ ಟೆಸ್ಟು, ಹೋಗಿಬಂದ ಮೇಲೆ ಒಳಗೆ ಎಷ್ಟು ಉಳೀತದೆ ಅಂತ ಸ್ಕ್ಯಾನು, ಶುಗರು, ಇಷ್ಟು ಹೇಗೂ ಮಾಡಿಸ್ತಾರೆ. ಕೆಳಗೆ ಗಂಟು ಬಂದಂಗೆ, ಮೈ ಜಾರಿದಂಗೆ (ಗರ್ಭಕೋಶನೋ ಮೂತ್ರಚೀಲನೋ ಕೆಳಕ್ಕೆ ಇಳಿದಂಗೆ) ಅನಿಸಿದ್ರೆ ಅದನ್ನೂ ಹೇಳಿ.

ಮನೇಲಿರೋ ಮಾತ್ರೆ ಡಬ್ಬಿಯನ್ನೂ ಚೀಲಕ್ಕೆ ಹಾಕ್ಕೊಂಡು ಹೋಗಿ. ಬಿಪಿಗೆ ಕೊಡೋ ಎನಾಲಪ್ರಿಲ್, ರಾಮಿಪ್ರಿಲ್ ಕೆಲವರಿಗೆ ಬಿಡದ ಒಣಕೆಮ್ಮು ತರ್ತವೆ, ಕೆಮ್ಮಿದಷ್ಟೂ ಸೋರ್ತದೆ. ಪ್ರಾಜೋಸಿನ್ ಅನ್ನೋ ಬಿಪಿ ಮಾತ್ರೆ ಮೂತ್ರನಾಳದ ಬಿಗಿಯನ್ನೇ ಸಡಿಲ ಮಾಡ್ತದೆ. ಇಂಥಾ ಕಡೆ ಮಾತ್ರೆ ಬದಲಾಯಿಸಿದ್ರೇ ಎಷ್ಟೋ ಕಡಿಮೆ ಆಗ್ಬಹುದು, ಆದ್ರೆ ನೀವೇ ನಿಲ್ಲಿಸ್ಬೇಡಿ, ಬರೆದುಕೊಟ್ಟ ಡಾಕ್ಟ್ರನ್ನೇ ಕೇಳಿ.

ಒಳಗೆ ಆಗೋದೇನು

ತೋಟದಲ್ಲಿ ನೀರು ಹಾಯಿಸೋ ಪೈಪ್ ಮೇಲೆ ಕಾಲಿಟ್ಟು ನೋಡಿದೀರಲ್ಲ, ಗಟ್ಟಿ ನೆಲದ ಮೇಲಿದ್ರೆ ಪೈಪ್ ಚಪ್ಪಟೆಯಾಗಿ ನೀರು ನಿಲ್ತದೆ, ಕೆಸರಿನ ಮೇಲಿದ್ರೆ ಪೈಪೇ ಒಳಗೆ ಇಳಿದು ನೀರು ಹರೀತಾನೇ ಇರ್ತದೆ. ಮೂತ್ರನಾಳದ ಅಡಿಯಲ್ಲಿ ಸ್ನಾಯು ಮತ್ತೆ ಪೊರೆಯ ಒಂದು ನೆಲ ಉಂಟು, ಹೆರಿಗೆ, ವಯಸ್ಸು, ಮುಟ್ಟು ನಿಂತದ್ದು, ಮೈಭಾರ, ವರ್ಷಗಟ್ಲೆ ಕೆಮ್ಮು, ಮಲಬದ್ಧತೆಗೆ ಮುಕ್ಕಿದ್ದು, ಇವೆಲ್ಲ ಸೇರಿ ಆ ನೆಲ ಸಡಿಲ ಆಗ್ತದೆ. ಕೆಲವರಲ್ಲಿ ನಾಳದ ಬಾಯಿ ಮುಚ್ಚೋ ಸ್ನಾಯುವೇ ಸೋತಿರ್ತದೆ. ಮುಂದೆ ಹೇಳೋ ಚಿಕಿತ್ಸೆ ಎಲ್ಲವೂ ಒಂದೋ ಆ ನೆಲ ಗಟ್ಟಿ ಮಾಡ್ಲಿಕ್ಕೆ, ಇಲ್ಲಾ ಬಾಯಿ ಬಿಗಿ ಮಾಡ್ಲಿಕ್ಕೆ.

ಒಂದು ಮಾತು ಇಲ್ಲೇ ಹೇಳ್ಬಿಡ್ತೇನೆ, ಗರ್ಭಕೋಶ ತೆಗೆಸಿದ್ರೆ ಈ ಸೋರಿಕೆ ವಾಸಿ ಆಗೋದಿಲ್ಲ. ನಮ್ಮ ಕಡೆ ಕೆಳಗಿನ ಯಾವ ತೊಂದ್ರೆಗೂ ಗರ್ಭಕೋಶವೇ ಕಾರಣ ಅನ್ನೋ ನಂಬಿಕೆ ಗಟ್ಟಿ ಉಂಟು. 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಸ್ವೀಡನ್ನಿನ ದೊಡ್ಡ ಅಧ್ಯಯನದಲ್ಲಿ ಗರ್ಭಕೋಶ ತೆಗೆಸಿದವರಿಗೆ ಮುಂದೆ ಸೋರಿಕೆಯ ಆಪರೇಷನ್ ಬೇಕಾಗೋ ಸಾಧ್ಯತೆ ಹೆಚ್ಚೇ ಕಂಡಿತ್ತು. ಬೇರೆ ಕಾರಣಕ್ಕೆ ತೆಗೀಬೇಕಾದ್ರೆ ಆ ಮಾತು ಬೇರೆ.

ಮೂರು ತಿಂಗಳ ವ್ಯಾಯಾಮ, ಬೇಜಾರಾದ್ರೂ ಇದೇ ಮೊದ್ಲು

ಕೆಗೆಲ್ ಅಂತ ಎಲ್ಲರೂ ಕೇಳಿರ್ತೀರಿ, ಆರ್ನಾಲ್ಡ್ ಕೆಗೆಲ್ ಅನ್ನೋ ಅಮೆರಿಕದ ಸ್ತ್ರೀರೋಗ ಡಾಕ್ಟ್ರು 1948ರಲ್ಲಿ ಬರೆದದ್ದು, ಇವತ್ತಿಗೂ ಮೊದಲ ಚಿಕಿತ್ಸೆ ಇದೇ. ತೊಂದ್ರೆ ಎಂತ ಅಂದ್ರೆ ಬಹಳ ಜನ ಇದನ್ನ ತಪ್ಪು ಮಾಡ್ತಾರೆ, ಮೇಲಕ್ಕೆ ಎಳೀಬೇಕಾದಲ್ಲಿ ಕೆಳಕ್ಕೆ ಮುಕ್ಕುತ್ತಾರೆ, ಅದರಿಂದ ಸೋರಿಕೆ ಜಾಸ್ತಿನೇ ಆಗ್ಬಹುದು.

ಮೊದ್ಲು ಅಂಗಾತ ಮಲಗಿ ಮಂಡಿ ಮಡಚಿ. ನಾಲ್ಕು ಜನರ ನಡುವೆ ಗ್ಯಾಸ್ ಬರೋಹಂಗೆ ಆದಾಗ ಹೇಗೆ ತಡೀತೀರಿ, ಹಾಗೆ ಹಿಂದಿನ ದ್ವಾರ ಬಿಗಿಮಾಡಿ, ಅದೇ ಬಿಗಿಯನ್ನ ಮುಂದಕ್ಕೂ ಮೇಲಕ್ಕೂ ಎಳ್ಕೊಳ್ಳಿ. ಹೊಟ್ಟೆ, ತೊಡೆ, ಕುಂಡೆ ಸಡಿಲ ಇರ್ಬೇಕು, ಉಸಿರು ಹಿಡೀಬಾರ್ದು, ಬೇಕಾದ್ರೆ ಗಟ್ಟಿಯಾಗಿ ಎಣಿಸ್ತಾ ಮಾಡಿ, ಎಣಿಸೋಕೆ ಆದ್ರೆ ಉಸಿರು ಆಡ್ತಾ ಉಂಟು ಅಂತ ಲೆಕ್ಕ. 5 ಸೆಕೆಂಡ್ ಹಿಡಿದು ಅಷ್ಟೇ ಹೊತ್ತು ಪೂರ್ತಿ ಬಿಡಿ, ಬಿಡೋದೂ ಎಳೆಯೋದರಷ್ಟೇ ಮುಖ್ಯ, ನಿಧಾನ 10 ಸೆಕೆಂಡ್ ತನಕ ಏರಿಸಿ. ಕಡೆಗೆ ಕೆಲವು ಸಲ ಪಟಪಟ ಅಂತ ಎಳೆದು ಬಿಡಿ. ಒಂದು ಸರ್ತಿಗೆ ಕನಿಷ್ಠ 8, ದಿನಕ್ಕೆ 3 ಸರ್ತಿ, ಕಡಿಮೆ ಅಂದ್ರೂ 3 ತಿಂಗಳು, ಇದು ಇಂಗ್ಲೆಂಡಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳೋ ಲೆಕ್ಕ. ಮಲಗಿ ರೂಢಿ ಆದ್ಮೇಲೆ ಕೂತು, ಆಮೇಲೆ ನಿಂತು. ಉಚ್ಚೆ ಹೊಯ್ಯುವಾಗ ಅರ್ಧಕ್ಕೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡೋದು ಬೇಡ, ಮೂತ್ರಚೀಲ ಸರಿ ಖಾಲಿ ಆಗದಿರೋ ಅಭ್ಯಾಸ ಆಗ್ತದೆ.

ಇನ್ನೊಂದು ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ, ಎಂತಕ್ಕೆ ಅಂದ್ರೆ ಬೇಗ ಫಲ ಕಾಣ್ತದೆ. ಕೆಮ್ಮು ಬರ್ತದೆ ಅಂತ ಗೊತ್ತಾದ ಕ್ಷಣಕ್ಕೇ, ಕೆಮ್ಮೋ ಮುಂಚೆ, ಕೆಳಗೆ ಗಟ್ಟಿ ಎಳ್ಕೊಂಡು ಆಮೇಲೆ ಕೆಮ್ಮೋದು. ಕೊಡಪಾನ ಎತ್ತೋ ಮುಂಚೆ, ಬಸ್ಸಿನ ಮೆಟ್ಲು ಇಳಿಯೋ ಮುಂಚೆ, ಯಕ್ಷಗಾನದಲ್ಲಿ ಹಾಸ್ಯಗಾರ ಬರೋ ಮುಂಚೆ ಎಲ್ಲ ಇದೇ.

ಕಲಿಸೋರು ಸಿಕ್ರೆ ತುಂಬ ಒಳ್ಳೇದು. ಫಿಸಿಯೋಥೆರಪಿಸ್ಟ್ ಅಥವಾ ಸ್ತ್ರೀರೋಗ ಡಾಕ್ಟ್ರು ಒಂದ್ಸಲ ಒಳಗೆ ಬೆರಳಿಟ್ಟು ಸರಿಯಾದ ಸ್ನಾಯುವೇ ಬಿಗಿ ಆಗ್ತದಾ ನೋಡ್ತಾರೆ, ಹೆಣ್ಣು ಡಾಕ್ಟ್ರೇ ಬೇಕು ಅಂದ್ರೆ ಕೇಳ್ಲಿಕ್ಕೆ ಸಂಕೋಚ ಬೇಡ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಉಂಟು, ಶಿರಸಿ, ಕುಮಟಾದಲ್ಲಿ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗ ಉಂಟು, ಮೊದಲ ಹಂತಕ್ಕೆ ಇವು ಸಾಕು.

ಜೊತೆಗೆ ಮಾಡೋ ಬೇರೆ ಕೆಲಸಗಳು. ಮೈಭಾರ ಇಳಿಸೋದು ಬರೀ ಉಪದೇಶ ಅಂತ ತಳ್ಳಿಹಾಕ್ಬೇಡಿ, 2009ರಲ್ಲಿ ಅಮೆರಿಕದಲ್ಲಿ 338 ದಪ್ಪ ಇರೋ ಹೆಂಗಸರ ಮೇಲೆ ಮಾಡಿದ ಪ್ರಯೋಗದಲ್ಲಿ ತೂಕ ಸರಾಸರಿ 8 ಪರ್ಸೆಂಟ್ ಇಳಿಸಿದ ಗುಂಪಲ್ಲಿ ವಾರದ ಸೋರಿಕೆ 47 ಪರ್ಸೆಂಟ್ ಕಮ್ಮಿ ಆಯ್ತು, ಬರೀ ತಿಳುವಳಿಕೆ ಪಾಠ ಕೇಳಿದ ಗುಂಪಲ್ಲಿ 28. ಅಂದ್ರೆ 75 ಕೆಜಿ ಇದ್ದೋರು 6 ಕೆಜಿ ಇಳಿಸಿದ್ರೂ ಲಾಭವೇ. ಒಲೆ ಹೊಗೆಯಿಂದ, ಮಳೆಗಾಲದ ಉಬ್ಬಸದಿಂದ ಬಂದ ಕೆಮ್ಮಿಗೆ ಮದ್ದು ಮಾಡಿ. ಮಲ ಕಟ್ಟದ ಹಾಗೆ ನೋಡ್ಕೊಳ್ಳಿ. ನೀರು ಕುಡಿಯೋದು ಮಾತ್ರ ನಿಲ್ಲಿಸ್ಬೇಡಿ, ಶಿರಸಿಯಿಂದ ಕಾರವಾರಕ್ಕೆ ಬಸ್ಸಲ್ಲಿ ಹೋಗೋ ದಿನ ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿಯದೇ ಘಟ್ಟ ಇಳಿಯೋರು ಎಷ್ಟು ಜನ ಇಲ್ಲ, ಮೂತ್ರ ದಪ್ಪಗಾಗಿ ಉರಿ ಶುರುವಾಗಿ ಇದ್ದ ತೊಂದ್ರೆ ಎರಡಾಗ್ತದೆ.

ಪ್ಯಾಡ್ ಹಾಕ್ಕೊಳ್ಳೋರು ಮುಟ್ಟಿನ ಪ್ಯಾಡ್ ಬದ್ಲು ಮೂತ್ರಕ್ಕೇ ಅಂತ ಬರೋದನ್ನ ಕೇಳಿ ತಗೊಳ್ಳಿ, ಮುಟ್ಟಿನದ್ದು ಮೂತ್ರವನ್ನ ಅಷ್ಟು ಬೇಗ ಹೀರೋದಿಲ್ಲ, ನಮ್ಮ ಜೂನ್ ಜುಲೈ ಹವೆಯಲ್ಲಿ ಒದ್ದೆ ಕೂತ್ರೆ ತೊಡೆಸಂದು ಕೆಂಪಾಗಿ ಬೆಂದುಹೋಗ್ತದೆ. ಯೋನಿಯೊಳಗೆ ಇಡೋ ರಿಂಗ್ ಥರದ ಪೆಸರಿಯೂ ಉಂಟು, ಭಾರದ ಕೆಲಸ ಇರೋ ಹೊತ್ತಿಗೆ ಮಾತ್ರ ಹಾಕ್ಕೊಂಡು ತೆಗೆಯೋರೂ ಇದ್ದಾರೆ, ಅಳತೆ ನೋಡಿ ಡಾಕ್ಟ್ರೇ ಕೊಡ್ಬೇಕು. ಮುಟ್ಟು ನಿಂತು ಒಣಗಿ ಉರಿಯೋರಿಗೆ ಈಸ್ಟ್ರೋಜನ್ ಕ್ರೀಮ್ ಕೊಡ್ತಾರೆ, ಅದು ಒಳಗೆ ಹಚ್ಚೋದು. ಹಾರ್ಮೋನ್ ಮಾತ್ರೆ ನುಂಗೋದ್ರಿಂದ ಸೋರಿಕೆ ಹೆಚ್ಚಾಗ್ಬಹುದು. ಡುಲೊಕ್ಸೆಟಿನ್ ಅಂತ ಒಂದು ಮಾತ್ರೆಗೆ ಯುರೋಪಿನಲ್ಲಿ 2004ರಿಂದ ಈ ತೊಂದ್ರೆಗೆ ಒಪ್ಪಿಗೆ ಉಂಟು, ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಗ್ಲೇ ಇಲ್ಲ, ವಾಂತಿ ಬಂದಂಗೆ ಆಗೋದು ಜಾಸ್ತಿ, ಬಹಳ ಜನ ಅರ್ಧಕ್ಕೇ ಬಿಡ್ತಾರೆ. ಲೇಸರ್ ಮಾಡಿ "ಬಿಗಿ" ಮಾಡ್ತೇವೆ ಅನ್ನೋ ಜಾಹೀರಾತು ಮೊಬೈಲಲ್ಲಿ ಬರ್ತಾ ಇರ್ತದಲ್ಲ, ಅದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ, ದುಡ್ಡು ಉಳಿಸ್ಕೊಳ್ಳಿ.

ಆಪರೇಷನ್ ಮಾತು ಬಂದಾಗ

ವ್ಯಾಯಾಮವೇ ಸಾಕು ಅಂತ ನಾನು ಹಟ ಹಿಡಿಯೋದಿಲ್ಲ. 2013ರಲ್ಲಿ ನೆದರ್ಲೆಂಡ್ಸಲ್ಲಿ 460 ಹೆಂಗಸರಲ್ಲಿ ಅರ್ಧ ಜನಕ್ಕೆ ಮೊದ್ಲು ಫಿಸಿಯೋಥೆರಪಿ, ಅರ್ಧ ಜನಕ್ಕೆ ನೇರ ಟೇಪ್ ಆಪರೇಷನ್ ಅಂತ ಹೋಲಿಸಿ ನೋಡಿದ್ರು, ವರ್ಷದ ಮೇಲೆ ಸುಧಾರಿಸಿದೆ ಅಂದೋರು ಆಪರೇಷನ್ ಕಡೆ 90.8 ಪರ್ಸೆಂಟ್, ಫಿಸಿಯೋ ಕಡೆ 64.4, ಮತ್ತೆ ಫಿಸಿಯೋ ಶುರುಮಾಡಿದವರಲ್ಲಿ 49 ಪರ್ಸೆಂಟ್ ಕಡೆಗೆ ಆಪರೇಷನ್ನಿಗೇ ಹೋದ್ರು. ಇದೇ ಲೆಕ್ಕವನ್ನ ತಿರುಗಿಸಿ ಓದಿದ್ರೆ ಅರ್ಧದಷ್ಟು ಜನಕ್ಕೆ ಆ ವರ್ಷ ಕತ್ತಿ ಬೇಕಾಗ್ಲಿಲ್ಲ. ಮಧ್ಯಮ ಅಥವಾ ಜೋರು ಸೋರಿಕೆ ಇದ್ದೋರೇ ಆ ಪ್ರಯೋಗದಲ್ಲಿ ಇದ್ದದ್ದು, ಸಣ್ಣ ಸೋರಿಕೆಯವರು ಅವಸರ ಮಾಡ್ಲಿಕ್ಕೆ ಕಾರಣವೇ ಇಲ್ಲ. ಇನ್ನೂ ಮಕ್ಕಳು ಬೇಕು ಅನ್ನೋರಿಗೆ ಸಾಮಾನ್ಯವಾಗಿ ಹೆರಿಗೆ ಎಲ್ಲ ಮುಗಿಯೋ ತನಕ ಮುಂದೂಡ್ತಾರೆ.

ಟೇಪ್ ಕಥೆ ಸ್ವಲ್ಪ ಗೊತ್ತಿದ್ರೆ ಒಳ್ಳೇದು. 1961ರಲ್ಲಿ ಬರ್ಚ್ ಅನ್ನೋ ಡಾಕ್ಟ್ರು ಹೊಟ್ಟೆ ಕಡೆಯಿಂದ ಹೋಗಿ ಯೋನಿಯ ಮೇಲ್ಭಾಗವನ್ನ ಮೂಳೆಯ ಹತ್ರದ ಪಟ್ಟಿಗೆ ಹೊಲಿಗೆ ಹಾಕಿ ಎತ್ತಿ ಕಟ್ಟೋ ಆಪರೇಷನ್ ಹೇಳಿದ್ರು, ಅದೇ ಬಹಳ ವರ್ಷ ನಡೀತು. 1990ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಪಾಲಿಪ್ರೊಪಿಲೀನ್ ನೂಲಿನ ಜಾಳುಪಟ್ಟಿಯನ್ನ ಮೂತ್ರನಾಳದ ನಡುಭಾಗದ ಅಡಿಗೆ ಜೋಲಿ ಹಾಗೆ ಹಾಕೋದು ತಂದ್ರು, ಅದೇ ಟಿವಿಟಿ. ಸಣ್ಣ ಗಾಯ, ಅರ್ಧ ಗಂಟೆ, ಅವತ್ತೋ ಮಾರನೇ ದಿನವೋ ಮನೆ. ಲೋಕ ಇಡೀ ಅದರ ಹಿಂದೆ ಹೋಯ್ತು. 2001ರಲ್ಲಿ ಅದೇ ಟೇಪನ್ನ ತೊಡೆಸಂದಿನ ಕಡೆಯಿಂದ ಹಾಕೋ ಟಿಒಟಿ ಬಂತು.

ಆಮೇಲೆ ಒಂದಿಷ್ಟು ಜನಕ್ಕೆ ಜಾಳಿಗೆ (ಮೆಶ್) ಒಳಗೆ ಮಾಂಸ ಕೊರೆದು ಹೊರಬಂದು ನೋವು, ರಕ್ತ, ಗಂಡನ ಜೊತೆ ಸೇರೋಕಾಗದ ಸ್ಥಿತಿ, ತೆಗೆಸ್ಲಿಕ್ಕೆ ಹೋದ್ರೆ ಪೂರ್ತಿ ಬರದ ಸ್ಥಿತಿ ಎಲ್ಲ ಆಗಿ ದೊಡ್ಡ ಗಲಾಟೆ ಆಯ್ತು. ಸ್ಕಾಟ್ಲೆಂಡ್ 2014ರಲ್ಲಿ ನಿಲ್ಲಿಸ್ಲಿಕ್ಕೆ ಹೇಳ್ತು, ಇಂಗ್ಲೆಂಡ್ 2018ರ ಜುಲೈಯಲ್ಲಿ ತಡೆ ಹಾಕ್ತು, 2020ರಲ್ಲಿ ಅಲ್ಲಿನ ಸರ್ಕಾರ ಮಾಡಿಸಿದ ಕಂಬರ್ಲೆಜ್ ವರದಿ ಹೆಂಗಸರ ಮಾತನ್ನ ವರ್ಷಗಟ್ಲೆ ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ ಅಂತ ಬಯ್ದು ಬರೀತು. ಅಮೆರಿಕದಲ್ಲಿ 2019ರ ಏಪ್ರಿಲ್‌ನಲ್ಲಿ ಮಾರಾಟ ನಿಲ್ಲಿಸಿದ್ದು ಮೈ ಜಾರಿದ್ದಕ್ಕೆ ಯೋನಿ ಮೂಲಕ ಹಾಕೋ ದೊಡ್ಡ ಜಾಳಿಗೆಯನ್ನ, ಸೋರಿಕೆಯ ಸಣ್ಣ ಟೇಪನ್ನ ಅಲ್ಲ. ಈ ಎರಡನ್ನ ಕಲಸಿಬಿಟ್ಟು "ಮೆಶ್ ಎಲ್ಲ ಬ್ಯಾನ್ ಆಗಿದೆ" ಅಂತ ವಾಟ್ಸಾಪಲ್ಲಿ ಬಂದ್ರೆ ನಂಬ್ಬೇಡಿ, "ಟೇಪಿಗೆ ಏನೂ ಆಗೋದಿಲ್ಲ" ಅಂದ್ರೂ ನಂಬ್ಬೇಡಿ.

ಹಾಗಾಗಿ ಈಗಿನ ಆಯ್ಕೆ ಹೀಗೆ. ಟೇಪ್ ಹಾಕಿಸೋದಾದ್ರೆ ಬೇಗ ಕೆಲಸಕ್ಕೆ ವಾಪಸ್, ಫಲ ಚೆನ್ನಾಗಿ, ಆದ್ರೆ ಅದು ಜೀವಮಾನಕ್ಕೆ ಒಳಗೇ ಇರೋ ವಸ್ತು. ಕಿಬ್ಬೊಟ್ಟೆ ಕಡೆಯಿಂದ ಹಾಕೋದಾ ತೊಡೆಸಂದಿಂದ ಹಾಕೋದಾ ಕೇಳಿ, ತೊಡೆಸಂದಿಂದು ತೊಡೆನೋವು ಕೊಡೋದು ಹೆಚ್ಚು, ಮುಂದೆ ತೆಗೀಬೇಕಾದ್ರೂ ಕಷ್ಟ, ನೈಸ್ 2019ರ ಮಾರ್ಗಸೂಚಿ ವಿಶೇಷ ಕಾರಣ ಇಲ್ಲದೇ ಅದನ್ನ ಕೊಡ್ಬೇಡಿ ಅನ್ತದೆ. ಎರಡನೇದು ನಿಮ್ಮದೇ ಹೊಟ್ಟೆಯ ಸ್ನಾಯುಪೊರೆಯ ಪಟ್ಟಿ ಕತ್ತರಿಸಿ ಅದನ್ನೇ ಜೋಲಿ ಮಾಡೋದು, ಪ್ಲಾಸ್ಟಿಕ್ ಇಲ್ಲ, ಆದ್ರೆ ದೊಡ್ಡ ಗಾಯ, ಆಮೇಲೆ ಮೂತ್ರ ಸಲೀಸಾಗಿ ಹೋಗದೇ ಕೆಲವರು ಸ್ವಲ್ಪ ಕಾಲ ತಾವೇ ನಳಿಕೆ ಹಾಕ್ಕೊಂಡು ತೆಗೀಬೇಕಾಗ್ತದೆ. ಮೂರನೇದು ಬರ್ಚ್, ಈಗ ದುರ್ಬೀನಲ್ಲೂ ಮಾಡ್ತಾರೆ. 2007ರಲ್ಲಿ 655 ಹೆಂಗಸರಲ್ಲಿ ಸ್ವಂತ ಪೊರೆಯ ಜೋಲಿಯನ್ನೂ ಬರ್ಚನ್ನೂ ಹೋಲಿಸಿದಾಗ ಎರಡು ವರ್ಷಕ್ಕೆ ಒತ್ತಡದ ಸೋರಿಕೆ ಹತೋಟಿಗೆ ಬಂದದ್ದು ಜೋಲಿಯಲ್ಲಿ 66 ಪರ್ಸೆಂಟ್, ಬರ್ಚಲ್ಲಿ 49, ಆದ್ರೆ ಮೂತ್ರದ ಸೋಂಕು, ಮೂತ್ರ ಕಟ್ಟೋದು ಜೋಲಿಯಲ್ಲೇ ಜಾಸ್ತಿ. ನಾಲ್ಕನೇದು ನಾಳದ ಗೋಡೆಗೆ ಜೆಲ್ ಇಂಜೆಕ್ಷನ್, ಕೊಯ್ಯೋದಿಲ್ಲ, ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು ಮಾಡ್ಬಹುದು, ವಯಸ್ಸಾದೋರಿಗೆ, ಹಾರ್ಟ್ ತೊಂದ್ರೆ ಇರೋರಿಗೆ ನನ್ನ ಮನಸ್ಸು ಇದರ ಕಡೆಗೇ, ಆದ್ರೆ ಫಲ ಟೇಪಿನಷ್ಟಿಲ್ಲ, ಕ್ರಮೇಣ ಇಳಿದು ಮತ್ತೆ ಚುಚ್ಚಿಸ್ಬೇಕಾಗ್ಬಹುದು.

ಡಾಕ್ಟ್ರ ಎದುರು ಕೂತಾಗ ಕೇಳಿ: ನೀವು ವರ್ಷಕ್ಕೆ ಇಂಥವು ಎಷ್ಟು ಮಾಡ್ತೀರಿ, ನಾಲ್ಕರಲ್ಲಿ ಯಾವ್ಯಾವುದು ನಿಮ್ಮಲ್ಲಿ ಉಂಟು, ಇಲ್ಲದ್ದು ನನಗೆ ಒಳ್ಳೇದು ಅನಿಸಿದ್ರೆ ಎಲ್ಲಿಗೆ ಕಳಿಸ್ತೀರಿ, ತೊಂದ್ರೆ ಆದ್ರೆ ಟೇಪ್ ತೆಗೆಯೋರು ಯಾರು, ಅವಸರದ ಸೋರಿಕೆ ಹೊಸದಾಗಿ ಬರ್ಬಹುದಾ. ಒಂದೇ ಆಪರೇಷನ್ ಗೊತ್ತಿರೋರು ಅದನ್ನೇ ಒಳ್ಳೇದು ಅನ್ನೋದು ಸಹಜ, ಅದಕ್ಕೇ ಎರಡನೇ ಅಭಿಪ್ರಾಯ ತಗೊಳ್ಳಿ. ನಮ್ಮ ಜಿಲ್ಲೆಯವರಿಗೆ ಇದು ಸುಲಭ ಇಲ್ಲ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆ ಇಡೀ ಕೂಗಿದ್ದು ನೆನಪುಂಟಲ್ಲ, ಇವತ್ತಿಗೂ ಇಂಥದ್ದಕ್ಕೆ ಹುಬ್ಬಳ್ಳಿ, ಮಣಿಪಾಲ ಇಲ್ಲಾ ಗೋವಾದ ಬಾಂಬೋಳಿಗೆ ಓಡೋದೇ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಉಂಟು, ನಿಮಗೆ ಹೇಳಿದ ಆಪರೇಷನ್ ಅದರಲ್ಲಿ ಬರ್ತದಾ, ಯಾವ ರೆಫರಲ್ ಬೇಕು ಅಂತ ಆಸ್ಪತ್ರೆಯಲ್ಲಿ ಈ ಯೋಜನೆಗೆ ಅಂತ ಇರೋ ಆರೋಗ್ಯಮಿತ್ರರನ್ನ ಹೋಗೋ ಮುಂಚೆನೇ ಕೇಳಿ.

ಡೇಟ್ ತಗೊಳ್ಳುವಾಗ ಮಳೆಗಾಲ ತಪ್ಪಿಸಿ. 2024ರ ಜುಲೈಯಲ್ಲಿ ಅಂಕೋಲದ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ಬಂದ್ ಆಗಿತ್ತಲ್ಲ, ಅಂಥ ಹೊತ್ತಲ್ಲಿ ಮೂತ್ರ ಕಟ್ಟಿತು ಅಂದ್ರೆ ಆಪರೇಷನ್ ಮಾಡಿದ ಡಾಕ್ಟ್ರ ಹತ್ರ ವಾಪಸ್ ಹೋಗೋದು ಹೇಗೆ? ಅಡಿಕೆ ಕೊಯ್ಲಿನ ನಡುವೆಯೂ ಬೇಡ, ಕಡಿಮೆ ಅಂದ್ರೂ 4 ರಿಂದ 6 ವಾರ ಭಾರ ಎತ್ತೋ ಹಾಗಿಲ್ಲ, ಮನೇಲಿ ಕೊಯ್ಲು ನಡೀತಾ ಇದ್ರೆ ನಮ್ಮ ಹೆಂಗಸರು ಸುಮ್ನೆ ಕೂರೋ ಪೈಕಿ ಅಲ್ಲ.

ಮನೆಗೆ ಬರೋ ಮುಂಚೆ ಡಿಸ್ಚಾರ್ಜ್ ಕಾಗದದ ಜೊತೆ ಆಪರೇಷನ್ ನೋಟ್ಸಿನ ಕಾಪಿಯನ್ನೂ ಕೇಳಿ ತಗೊಳ್ಳಿ, ಟೇಪ್ ಹಾಕಿದ್ರೆ ಅದರ ಪ್ಯಾಕೆಟ್ ಮೇಲಿನ ಕಂಪನಿ, ಮಾಡೆಲ್, ಲಾಟ್ ನಂಬರ್ ಇರೋ ಸ್ಟಿಕರ್ ಅದಕ್ಕೆ ಅಂಟಿಸಿರ್ಬೇಕು, ಅದರದ್ದೊಂದು ಫೋಟೋ ನಿಮ್ಮ ಮೊಬೈಲಲ್ಲೂ ಮಗಳ ಮೊಬೈಲಲ್ಲೂ ಇರಲಿ. ವರ್ಷಗಳಾದ ಮೇಲೂ ಕೆಳಗೆ ನೋವು, ಬಿಳಿ ಸೆರಗು ವಾಸನೆ, ರಕ್ತ, ಪದೇ ಪದೇ ಮೂತ್ರದ ಸೋಂಕು, ಸೇರುವಾಗ ನಿಮಗೋ ಗಂಡನಿಗೋ ಚುಚ್ಚಿದ ಹಾಗೆ ಆಗೋದು ಇವು ಬಂದ್ರೆ ಯಾವ ಡಾಕ್ಟ್ರ ಹತ್ರ ಹೋದ್ರೂ ನಂಗೆ ಟೇಪ್ ಹಾಕಿದೆ ಅಂತ ಮೊದ್ಲೇ ಹೇಳಿ ಆ ಕಾಗದ ತೋರಿಸಿ.